ಬೀಗ ಹಾಕಿದ ಲೆಕ್ಕ

ಮಂಡ್ಯದ ಬಸ್ ನಿಲ್ದಾಣದ ಆಸುಪಾಸಿನ ಜೆರಾಕ್ಸ್ ಅಂಗಡಿಗಳ ಬೋರ್ಡು ಓದುತ್ತ ಹೋಗುವುದು ನನಗೆ ಹಳೆಯ ಚಾಳಿ. ಹಿಂದೆ 'ಟೈಪಿಂಗ್, ಜೆರಾಕ್ಸ್, ಲ್ಯಾಮಿನೇಷನ್' ಎಂದಷ್ಟೇ ಬರೆದಿರುತ್ತಿತ್ತು. ಈಗ ಅದರ ಕೆಳಗೆ ಇನ್ನೊಂದು ಸಾಲು ಸೇರಿಕೊಂಡಿದೆ: 'ಪ್ರಾಜೆಕ್ಟ್, ಥೀಸಿಸ್, ಡೇಟಾ ಅನಾಲಿಸಿಸ್ ಮಾಡಿಕೊಡಲಾಗುವುದು.' ಅಂದರೆ ಗುರುತಿನ ಚೀಟಿಗೆ ಪ್ಲಾಸ್ಟಿಕ್ ಹೊದಿಸಿಕೊಂಡಷ್ಟೇ ಸಲೀಸಾಗಿ ವಿಜ್ಞಾನವನ್ನೂ ಮಾಡಿಸಿಕೊಂಡು ಮದ್ದೂರು ಬಸ್ಸು ಹತ್ತಬಹುದು. ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಗಿರಾಕಿ ಇರುವುದರಿಂದ ಅವನು ಅಂಗಡಿ ಇಟ್ಟಿದ್ದಾನೆ. ಗಿರಾಕಿಯನ್ನು ಅವನ ಬಾಗಿಲಿಗೆ ತಳ್ಳಿದವರು ಯಾರು ಎಂಬುದೇ ನನ್ನ ತಕರಾರು.

ಮೂವತ್ತು ವರ್ಷ ಸಂಖ್ಯಾಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು ನಾನು. ಹೋದ ವರ್ಷ ಒಂದು ಸಂಜೆ ಮಳವಳ್ಳಿ ತಾಲ್ಲೂಕಿನ ಹುಡುಗಿಯೊಬ್ಬಳು ಮನೆಗೆ ಬಂದಳು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಊರಿನವಳು. ಅಲ್ಲಿಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೃಷಿಯಲ್ಲಿ ಸ್ನಾತಕೋತ್ತರ ಓದುತ್ತಿದ್ದಳು. ವಿಷಯ ಭತ್ತಕ್ಕೆ ನೀರು ಕೊಡುವ ಕ್ರಮ. ಪ್ರಬಂಧದ ಪ್ರತಿಯನ್ನು ಮುಂದಿಟ್ಟು, "ಒಂದ್ಸಲ ಕನ್ನಡಿ ಹಾಕ್ಕಂಡ್ ನೋಡ್ಬುಡಿ ಸಾ, ಮುಂದಿನ್ವಾರ ಸಬ್ಮಿಟ್ ಮಾಡ್ಬೇಕು" ಎಂದಳು. ಪುಟ ತಿರುವುತ್ತ ಹೋದವನು ಒಂದು ಕೋಷ್ಟಕದ ಮುಂದೆ ನಿಂತೆ.

"ಇದ ಯಾರವ್ವ ಮಾಡ್ದೋರು?"

"ಅಂಗ್ಡಿಯೋರು ಸಾ. ಆರ್ ಸಾವ್ರ ತಕಂಡ್ರು."

"ದೋಷದ ಸಾಲು ಒಂದೇ ಐತಲ್ಲ. ನೀರಿಗೊಂದು, ತಳಿಗೊಂದು, ಎರಡಿರಬೇಕಲ್ವಾ?"

"ಅದ್ಯಾಕೆ ಎಲ್ಡು ಸಾ?"

ಈ ಪ್ರಶ್ನೆ ಕೇಳಿದ್ದಕ್ಕೆ ಅವಳನ್ನು ಬೈಯಲಾರೆ. ಎರಡು ವರ್ಷ ಕೆಸರಿನಲ್ಲಿ ನಿಂತು, ಬೆಳೆ ಕೊಯ್ದು, ಒಣಗಿಸಿ, ತೂಗಿ ಬರೆದಿಟ್ಟವಳು ಅವಳು. ಆದರೆ ಆ ಅಂಕಿಗಳಿಂದ ಉತ್ತರ ಹುಟ್ಟುವ ಗಳಿಗೆಯಲ್ಲಿ ಅವಳು ಅಲ್ಲಿರಲಿಲ್ಲ.

ಓದುಗರಿಗೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅವಳ ಪ್ರಯೋಗದಲ್ಲಿ ನೀರು ಕೊಡುವ ಮೂರು ಕ್ರಮಗಳು, ನಾಲ್ಕು ತಳಿಗಳು, ಎಲ್ಲವೂ ಮೂರು ಸಲ. ಒಟ್ಟು 36 ತಾಕು. ಒಂದು ಚಿಕ್ಕ ಮಡಿಯಲ್ಲಿ ನೀರು ನಿಲ್ಲಿಸಿ ಅದಕ್ಕೆ ತಗುಲಿಕೊಂಡ ಮಡಿಯನ್ನು ಒಣಗಿಸುವುದು ಆಗದ ಮಾತು, ಬದುವಿನಲ್ಲಿ ಜಿನುಗುತ್ತದೆ. ಅದಕ್ಕಾಗಿ ನೀರಿನ ಕ್ರಮಕ್ಕೆ ದೊಡ್ಡ ತಾಕು ಮಾಡಿ, ಅದರೊಳಗೆ ತಳಿಗಳಿಗೆ ಸಣ್ಣ ತಾಕು ಮಾಡುತ್ತಾರೆ. ಇದಕ್ಕೆ ಸ್ಪ್ಲಿಟ್ ಪ್ಲಾಟ್ ಎಂದು ಹೆಸರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಮತ್ತು ಅವರ ಜೊತೆಗಾರರು ಹೊಲದ ಪ್ರಯೋಗದ ಈ ವಿದ್ಯೆಯನ್ನು ಕಟ್ಟಿದರು. ಅದರ ತಿರುಳು ಇಷ್ಟೆ: ತಳಿಗಳು ಅಕ್ಕಪಕ್ಕದ ಮಣ್ಣಿನಲ್ಲಿ ನಿಂತು ಪೈಪೋಟಿ ಮಾಡುತ್ತವೆ, ನೀರಿನ ಕ್ರಮಗಳಾದರೋ ದೂರದೂರದ ಒಂಬತ್ತು ದೊಡ್ಡ ತಾಕುಗಳಲ್ಲಿ. ಆದ್ದರಿಂದ ನೀರಿನ ಬಗ್ಗೆ ನಮಗಿರುವ ಸಾಕ್ಷ್ಯ ಕಡಿಮೆ. ತಳಿಯ ವ್ಯತ್ಯಾಸವನ್ನು ತೂಗಲು 18 ಸ್ವಾತಂತ್ರ್ಯಾಂಕಗಳು ಸಿಕ್ಕರೆ, ನೀರಿನದನ್ನು ತೂಗಲು ಸಿಗುವುದು 4 ಮಾತ್ರ. ಅಂಗಡಿಯವನು ಎರಡನ್ನೂ ಒಂದೇ ಗುಡ್ಡೆ ಹಾಕಿ 22 ಎಂದು ಬರೆದಿದ್ದ. ಒಂಬತ್ತು ಸಾಕ್ಷಿಗಳಿದ್ದ ಕಡೆ ಮೂವತ್ತಾರು ಸಾಕ್ಷಿಗಳಿದ್ದರೆಂದು ತೀರ್ಪು ಬರೆದ ಹಾಗೆ.

ಆ ತೀರ್ಪಿನ ಪ್ರಕಾರ, ಸದಾ ನೀರು ನಿಲ್ಲಿಸಿದ ಗದ್ದೆಯ ಇಳುವರಿ ನಿಸ್ಸಂಶಯವಾಗಿ ಹೆಚ್ಚು. ಕೋಷ್ಟಕದಲ್ಲಿ ಎರಡು ನಕ್ಷತ್ರ ಮಿನುಗುತ್ತಿದ್ದವು. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ರೈತರಿಗೆ ಅದೇ ಶಿಫಾರಸು. ನಾಲೆಯ ತುದಿಯ ಊರಿನ ಹುಡುಗಿ, ತನ್ನ ಅಪ್ಪನ ಗದ್ದೆಗೆ ಎಂದೂ ಸಿಗದ ನೀರನ್ನು ಮೇಲಿನವರು ಇನ್ನಷ್ಟು ನಿಲ್ಲಿಸಿಕೊಳ್ಳಲಿ ಎಂದು, ಆರು ಸಾವಿರ ಕೊಟ್ಟು ಬರೆಸಿಕೊಂಡು ಬಂದಿದ್ದಳು.

ಇಬ್ಬರೂ ಎರಡು ಸಂಜೆ ಕೂತು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಲೆಕ್ಕವನ್ನು ಮೊದಲಿನಿಂದ ಮಾಡಿದೆವು. ತಳಿಗಳ ವ್ಯತ್ಯಾಸ ಗಟ್ಟಿಯಾಗಿ ಉಳಿಯಿತು. ನೀರಿನ ನಕ್ಷತ್ರಗಳು ಉದುರಿಹೋದವು. ವ್ಯತ್ಯಾಸವೇ ಇಲ್ಲ ಎಂದು ಇದರ ಅರ್ಥವಲ್ಲ. ಇದೆ ಎಂದು ಹೇಳುವಷ್ಟು ಆಧಾರ ಈ ಪ್ರಯೋಗದಲ್ಲಿಲ್ಲ ಎಂದರ್ಥ. ಅದನ್ನೇ ಬರೆ ಎಂದೆ. "ಗೈಡು ಏನಂತಾರೋ ಸಾ" ಎಂದು ಹೆದರುತ್ತಲೇ ಬರೆದಳು. ಗೈಡು ಗೊಣಗಿದರಂತೆ, ಆಮೇಲೆ ಸಹಿ ಹಾಕಿದರಂತೆ.

ಆ ಲೆಕ್ಕ ಮಾಡಲು ನಾನು ಒಂದು ಕಾಸೂ ಖರ್ಚು ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಬಳಸಿದ್ದು ಆರ್ ಎಂಬ ತಂತ್ರಾಂಶ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಮೇಷ್ಟ್ರುಗಳು ಪಾಠಕ್ಕಾಗಿ ಕಟ್ಟಿಕೊಂಡದ್ದು. 1993ರಲ್ಲಿ ಹೊರಗೆ ಬಿಟ್ಟು, 1995ರಲ್ಲಿ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂಬ ಕರಾರಿನ ಮೇಲೆ ಲೋಕಕ್ಕೆ ಕೊಟ್ಟರು. ಅದರೊಳಗೆ ಹೊಲದ ಪ್ರಯೋಗದ ಲೆಕ್ಕಕ್ಕೆಂದೇ ಅಗ್ರಿಕೋಲೆ ಎಂಬ ಉಪಕರಣ ಕೂಡಿಸಿದವರು ಪೆರು ದೇಶದ ಪ್ರಾಧ್ಯಾಪಕರೊಬ್ಬರು. ಆಲೂಗೆಡ್ಡೆಯೂ ಆ ಕಡೆಯಿಂದಲೇ ಬಂತಲ್ಲ, ಇದೂ ಬಂತು. ನಮ್ಮವರೇನೂ ಹಿಂದೆ ಬಿದ್ದಿಲ್ಲ. ಹಿಸಾರಿನ ಕೃಷಿ ವಿಶ್ವವಿದ್ಯಾಲಯದ ಶಿಯೋರಾನ್ ಅವರು ಮಾಡಿದ ಆಪ್‌ಸ್ಟ್ಯಾಟ್ ಅನ್ನು ದೇಶದ ಕೃಷಿ ವಿದ್ಯಾರ್ಥಿಗಳು ಇಂದಿಗೂ ಬಳಸುತ್ತಾರೆ. ಮುಂಬಯಿ ಐಐಟಿಯ ಫಾಸ್ಸೀ ಯೋಜನೆ ಇಂಥ ಮುಕ್ತ ತಂತ್ರಾಂಶಗಳನ್ನು ಕಾಲೇಜುಗಳಿಗೆ ಮುಟ್ಟಿಸಲೆಂದೇ ಇರುವುದು. ಅದರ ಸೋದರಿಯಂತಿರುವ ಸ್ಪೋಕನ್ ಟ್ಯುಟೋರಿಯಲ್ ಹತ್ತು ಹತ್ತು ನಿಮಿಷದ ಪಾಠಗಳನ್ನು ಮಾಡಿ, ಹಲವಕ್ಕೆ ಕನ್ನಡದ ಧ್ವನಿಯನ್ನೂ ಕೊಟ್ಟಿದೆ.

ಎಲ್ಲವೂ ಇದ್ದು ಹುಡುಗಿ ಅಂಗಡಿಗೆ ಹೋದಳು. ಏಕೆ?

ಮೊದಲ ಅಪರಾಧಿ ನನ್ನಂಥ ಮೇಷ್ಟ್ರು. ತಪ್ಪೊಪ್ಪಿಕೊಳ್ಳುತ್ತೇನೆ: ಅನೇಕ ವರ್ಷ ನಾನು ಪಾಠ ಹೇಳಿದ್ದು ಕಳ್ಳ ಪ್ರತಿಯ ತಂತ್ರಾಂಶದಲ್ಲಿ. ಅಸಲಿ ಪ್ರತಿಯ ಬೆಲೆ ನನ್ನ ಕೆಲವು ತಿಂಗಳ ಸಂಬಳದಷ್ಟಿತ್ತು. ಯಾರೋ ಸಿ.ಡಿ. ತಂದುಕೊಟ್ಟರು, ಹಾಕಿಕೊಂಡೆವು. ಬೀಗ ಮುರಿದ ಮನೆಯಲ್ಲಿ ಸಂಸಾರ ಹೂಡಿದಂತೆ. ಹುಡುಗರು ಕಲಿತದ್ದು ಯಾವ ಗುಂಡಿ ಒತ್ತಬೇಕು ಎಂಬುದನ್ನು ಮಾತ್ರ. ಒತ್ತಿದಾಗ ಒಳಗೇನಾಗುತ್ತದೆ ಎಂಬುದನ್ನಲ್ಲ. ಕಾಲೇಜು ಬಿಟ್ಟ ಮೇಲೆ ಅವರ ಬಳಿ ಆ ಗುಂಡಿಯೂ ಇರಲಿಲ್ಲ. ಅಂಗಡಿ ಹುಟ್ಟಿದ್ದು ಅಲ್ಲಿಂದಲೇ. ಅದಕ್ಕೆ ಅಡಿಗಲ್ಲು ಹಾಕಿದವರಲ್ಲಿ ನಾನೂ ಒಬ್ಬ.

ಎರಡನೆಯದು, ನಮ್ಮಲ್ಲಿ ತರಬೇತಿ ಎಂಬ ಹೆಸರಿನಲ್ಲಿ ನಡೆಯುವ ಜಾತ್ರೆ. ಎರಡು ದಿನದ ಕಾರ್ಯಾಗಾರ, ಫ್ಲೆಕ್ಸು, ದೀಪ ಬೆಳಗುವುದು, ಗಣ್ಯರ ಮಾತು, ಬಿಸಿಬೇಳೆಬಾತು, ಗುಂಪು ಫೋಟೋ, ಸರ್ಟಿಫಿಕೇಟು. ಮೂರನೆಯ ದಿನ ತನ್ನದೇ ಅಂಕಿಗಳನ್ನು ಮುಂದಿಟ್ಟುಕೊಂಡ ವಿದ್ಯಾರ್ಥಿಗೆ ಕೆಂಪಕ್ಷರದ ಸಂದೇಶ ಬಂದಾಗ ಕೇಳಲು ಯಾರೂ ಇರುವುದಿಲ್ಲ. ಈಜು ಕಲಿಸುವವನು ದಡದ ಮೇಲೆ ಭಾಷಣ ಮಾಡಿ, ಹುಡುಗ ನೀರಿಗಿಳಿಯುವ ಹೊತ್ತಿಗೆ ಮನೆಗೆ ಹೋದರೆ ಏನಾದೀತು? ಈಗಿನ ಹುಡುಗರು ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೇಳುತ್ತಾರೆ. ಅದು ಥಟ್ಟನೆ ಬರೆದುಕೊಡುತ್ತದೆ, ಹೌದು. ಆದರೆ ನಿನ್ನ ಗದ್ದೆಯಲ್ಲಿ ಬದು ಎಲ್ಲಿ ಹಾಕಿದ್ದೆ ಎಂಬುದನ್ನು ನೀನೇ ಅದಕ್ಕೆ ಹೇಳಬೇಕು. ಏನು ಹೇಳಬೇಕೆಂದು ತಿಳಿಯದವನಿಗೆ ಅದೂ ಇನ್ನೊಂದು ಅಂಗಡಿಯೇ, ಬೋರ್ಡಿಲ್ಲದ್ದು.

ಮೂರನೆಯ ಅಪರಾಧಿ ಸರ್ಕಾರದ ಹಣದ ಚೀಲ. 2015ರಲ್ಲಿ 4,500 ಕೋಟಿ ರೂಪಾಯಿಯ ಸೂಪರ್ ಕಂಪ್ಯೂಟರ್ ಯೋಜನೆ ಬಂತು. ಅದರಡಿ 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪರಮ್ ಪ್ರವೇಗ ಎಂಬ ಮಹಾಯಂತ್ರ ಬಂತು. ಸಂತೋಷ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ, ವಿದೇಶಿ ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ನಮ್ಮ ಕಾಲೇಜುಗಳು ಓದಲೆಂದು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಅದೂ ಸಂತೋಷ. ಯಂತ್ರಕ್ಕೆ ಹಣವಿದೆ, ಪತ್ರಿಕೆಗೆ ಹಣವಿದೆ. ಯಂತ್ರದ ಮುಂದೆ ಕೂತು ಲೆಕ್ಕ ಕಲಿಸುವ ಒಬ್ಬ ಮನುಷ್ಯನನ್ನು ಮದ್ದೂರಿಗೋ ಮಳವಳ್ಳಿಗೋ ನೇಮಿಸಲು ಮಾತ್ರ ಹಣವಿಲ್ಲ. ಎಲ್ಲರಿಗೂ ಉಪಯೋಗವಾಗುವ ತಂತ್ರಾಂಶ ಬರೆದ ಮೇಷ್ಟ್ರಿಗೆ ಒಂದು ಶಾಲೂ ಇಲ್ಲ. 'ಬಿಟ್ಟಿ ಸಿಗುತ್ತದಲ್ಲ' ಎನ್ನುತ್ತಾರೆ. ಬಿಟ್ಟಿ ಎಂಬುದು ಲೋಕದಲ್ಲಿಲ್ಲ. ಯಾರೋ ರಾತ್ರಿ ನಿದ್ದೆಗೆಟ್ಟು ಅದನ್ನು ದುರಸ್ತಿ ಮಾಡುತ್ತಿದ್ದಾರೆ, ನಮಗೆ ಕಾಣಿಸುತ್ತಿಲ್ಲ ಅಷ್ಟೆ.

ಮುಕ್ತವಾದದ್ದು ಕೀಳು, ದುಡ್ಡು ಕೊಟ್ಟದ್ದೇ ಮೇಲು ಎಂಬ ಮಾತನ್ನು ನನ್ನ ಮಿತ್ರರೇ ಆಡುತ್ತಾರೆ. ಅವರಿಗೊಂದು ಕಥೆ. 2010ರಲ್ಲಿ ರೈನ್‌ಹಾರ್ಟ್, ರೊಗಾಫ್ ಎಂಬ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು, ದೇಶದ ಸಾಲ ಒಂದು ಮಿತಿ ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಬರೆದರು. ಸರ್ಕಾರಗಳ ಖರ್ಚು ಕತ್ತರಿಸಬೇಕೆನ್ನುವವರಿಗೆ ಅದು ಆಯುಧವಾಯಿತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರಿಂದಲೇ ಲೆಕ್ಕದ ಹಾಳೆ ಕೇಳಿ ಪಡೆದು ನೋಡಿದರೆ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳೇ ಬಿಟ್ಟುಹೋಗಿದ್ದವು. ಲೆಕ್ಕಕ್ಕೆ ಬಳಸಿದ್ದು ದುಡ್ಡು ಕೊಟ್ಟು ಕೊಳ್ಳುವ ಎಕ್ಸೆಲ್. ತಪ್ಪು ಎಕ್ಸೆಲಿನದಲ್ಲ, ಮನುಷ್ಯರದು. ಆದರೆ ಅದು ಸಿಕ್ಕಿದ್ದು ಹಾಳೆಯನ್ನು ಇನ್ನೊಬ್ಬನ ಮುಂದೆ ಬಿಚ್ಚಿಟ್ಟದ್ದರಿಂದ. ಮೂರು ವರ್ಷ ಮುಚ್ಚಿದ್ದಾಗ ಅದು ವಿಜ್ಞಾನವೆನಿಸಿಕೊಂಡಿತ್ತು.

ಈ ಮಾತು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಹಾಲಿನ ಡೈರಿಯನ್ನೇ ನೋಡಿ. ಬೆಳಗಿನ ಜಾವ ಮೂರು ಲೀಟರ್ ಹಾಲು ತಂದ ಹೆಣ್ಣುಮಗಳು ಫ್ಯಾಟ್ ತೋರಿಸುವ ಯಂತ್ರದ ಅಂಕಿಯನ್ನು ಕಣ್ಣಾರೆ ನೋಡದೆ ಹೋಗುವುದಿಲ್ಲ. ಕಡಿಮೆ ಬಂದರೆ, "ಇನ್ನೊಂದ್ಸಲ ಹಾಕ್ ನೋಡಪ್ಪ, ನಮ್ಮಸು ಅಂಥ ಹಾಲು ಕೊಡಾಕಿಲ್ಲ" ಎಂದು ಜಗಳ ತೆಗೆಯುತ್ತಾಳೆ. ಒಬ್ಬೊಬ್ಬರೂ ಯಂತ್ರ ಕೊಳ್ಳಲಾರರೆಂದೇ ಸಂಘ ಮಾಡಿಕೊಂಡರು. ಯಂತ್ರ ಎಲ್ಲರದು, ಅಂಕಿ ಎಲ್ಲರಿಗೂ ಕಾಣುತ್ತದೆ, ಅನುಮಾನ ಬಂದರೆ ಕೇಳುವ ಹಕ್ಕಿದೆ. ಗೆಜ್ಜಲಗೆರೆಯ ಡೈರಿಗೆ ಹೋಗುವ ಹಾಲಿನ ವಿಷಯದಲ್ಲಿ ಇರುವ ಈ ಎಚ್ಚರ, ಅದೇ ಮನೆಯ ಮಗಳು ಬರೆಯುವ ಪ್ರಬಂಧದ ವಿಷಯದಲ್ಲಿ ಇರಬಾರದೇ?

ಇನ್ನೊಂದು ನೆನಪು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟವರು ರಾಗಿ ಲಕ್ಷ್ಮಣಯ್ಯ. ಆ ಬೀಜ ಒಮ್ಮೆ ಕೈಗೆ ಬಂದರೆ ರೈತ ಮುಂದಿನ ವರ್ಷಕ್ಕೆ ತಾನೇ ಎತ್ತಿಟ್ಟುಕೊಳ್ಳಬಹುದಿತ್ತು, ನೆಂಟರಿಗೆ ಸೇರಿನಲ್ಲಿ ಅಳೆದು ಕೊಡಬಹುದಿತ್ತು. ಹಾಗೆ ಕೊಟ್ಟದ್ದರಿಂದಲೇ ಹರಡಿತು. ಬಿತ್ತುವ ಕಾಳಿಗೆ ಇದ್ದ ಈ ನೀತಿ, ಆ ಕಾಳಿನ ಇಳುವರಿ ಅಳೆಯುವ ಲೆಕ್ಕಕ್ಕೂ ಇರಲಿ ಎನ್ನುವುದು ಅತಿಯಾಸೆಯೇ?

ನಾನು ಕೇಳುವುದು ದೊಡ್ಡದೇನಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಊರುಗಳ ಕಾಲೇಜುಗಳಲ್ಲಿ ಕಂಪ್ಯೂಟರ್ ಕೋಣೆಗಳಿವೆ. ಸಂಜೆಯಾದರೆ ಬೀಗ ಬೀಳುತ್ತದೆ. ವಾರಕ್ಕೊಂದು ಸಂಜೆ ಒಂದೊಂದು ಕೋಣೆಯ ಬೀಗ ತೆಗೆಯಿರಿ. ಯಾವ ಕಾಲೇಜಿನ ಹುಡುಗರಾದರೂ ತಮ್ಮ ಅಂಕಿ ಹಿಡಿದುಕೊಂಡು ಬರಲಿ. ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಹೇಳುವ ಒಬ್ಬರನ್ನು ಸಂಬಳ ಕೊಟ್ಟು ಕೂರಿಸಿ; ಇವತ್ತು ಬಂದು ನಾಳೆ ಹೋಗುವ ಅತಿಥಿಯನ್ನಲ್ಲ. ಪ್ರಬಂಧದ ಜೊತೆಗೆ ಅದರ ಮೂಲ ಅಂಕಿಗಳನ್ನೂ ಲೆಕ್ಕ ಮಾಡಿದ ಬರಹವನ್ನೂ ಗ್ರಂಥಾಲಯಕ್ಕೆ ಕೊಡಬೇಕೆಂಬ ನಿಯಮ ಮಾಡಿ. ಇಷ್ಟಾದರೆ ಅಂಗಡಿಯವನು ತಾನಾಗಿಯೇ ಲ್ಯಾಮಿನೇಷನ್ನಿಗೆ ಹಿಂತಿರುಗುತ್ತಾನೆ.

ಮೂರೂ ಊರಿನ ಅಧಿಕಾರಸ್ಥರು ಇದನ್ನು ಓದುತ್ತಾರೆಂಬ ಭ್ರಮೆ ನನಗಿಲ್ಲ. ಅಲ್ಲಿಯವರೆಗೆ ಶನಿವಾರ ಸಂಜೆ ನಮ್ಮ ಮನೆಯ ಜಗಲಿಯೇ ಕೋಣೆ. ಮೊದಲು ಒಬ್ಬಳು ಬರುತ್ತಿದ್ದಳು, ಈಗ ಐದು ಜನ. ಹೋದ ವಾರ ಹೊಸ ಹುಡುಗನೊಬ್ಬ ಕೋಷ್ಟಕ ತಂದು ತೋರಿಸಿದ. ನಾನು ಬಾಯಿ ತೆರೆಯುವ ಮೊದಲೇ ಆ ಮಳವಳ್ಳಿಯ ಹುಡುಗಿ ಬಗ್ಗಿ ನೋಡಿ ಕೇಳಿದಳು: "ಅಲ್ಲ ಕಣೋ, ನೀನು ಬದ ಎಲ್ ಹಾಕಿದ್ದೆ?"