ಅಣಕು ಜಾಹೀರಾತಿನಿಂದ ಕಾರ್ಮಿಕರಿಗೆ ನೆರವಾಗುತ್ತದೆಯೇ?

ಪರ

2001ರಲ್ಲಿ ಗ್ರಾಹಕರು ಬಯಸಿದ ಪದವನ್ನು ಶೂ ಮೇಲೆ ಮೂಡಿಸಿಕೊಡುವುದಾಗಿ ನೈಕಿ ಕಂಪನಿ ಸಾರಿತ್ತು. ಆಗ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಜೋನಾ ಪೆರೆಟ್ಟಿ ಕೇಳಿದ್ದು ‘ಸ್ವೆಟ್‌ಶಾಪ್’ (ಕಾರ್ಮಿಕರನ್ನು ಅಲ್ಪ ಕೂಲಿಗೆ ಹಿಂಡಿ ದುಡಿಸುವ ಕಾರ್ಖಾನೆ) ಎಂಬ ಪದವನ್ನು. ಕಂಪನಿ ಒಪ್ಪಲಿಲ್ಲ. ಹಾಗಾದರೆ ನನ್ನ ಶೂ ತಯಾರಿಸುವ ಹತ್ತು ವರ್ಷದ ವಿಯೆಟ್ನಾಂ ಹುಡುಗಿಯ ಫೋಟೊ ಕಳಿಸಿ ಎಂದು ಅವರು ಬರೆದರು. ಈ ಪತ್ರಗಳು ಇ-ಮೇಲ್‌ನಲ್ಲಿ ಹಬ್ಬಿ, ಪೆರೆಟ್ಟಿ ಟಿ.ವಿ. ಚರ್ಚೆಯಲ್ಲಿ ನೈಕಿಯ ವಕ್ತಾರರಿಗೆ ಎದುರಾದರು.

ಇಂಥ ಅಣಕ ಏಕೆ ಬೇಕು? ಶೂ ಹೊಲಿಯುವ ಕಾರ್ಖಾನೆ ನೈಕಿಯದಲ್ಲ, ಗುತ್ತಿಗೆದಾರನದು. ಇಂಡೊನೇಷ್ಯಾದ ಕೂಲಿಯ ಬಗ್ಗೆ ಕೇಳಿದರೆ ‘ಅದು ನಮ್ಮ ಕಾರ್ಖಾನೆಯಲ್ಲ’ ಎಂದು ಕೈ ತೊಳೆದುಕೊಳ್ಳಬಹುದಿತ್ತು, ಮೊದಮೊದಲು ಹಾಗೇ ಮಾಡಿದರು ಕೂಡ. ಆದರೆ ಲೋಗೊ ಕಂಪನಿಯದೇ. ಕೋಟಿಗಟ್ಟಲೆ ಸುರಿದು ಬೆಳೆಸಿದ ಆ ಗುರುತಿನ ಪಕ್ಕದಲ್ಲೇ ಕಾರ್ಮಿಕಳನ್ನು ನಿಲ್ಲಿಸಿದರೆ ನುಣುಚಿಕೊಳ್ಳಲು ದಾರಿ ಇರುವುದಿಲ್ಲ. ವ್ಯಾಂಕೂವರ್‌ನ ‘ಆಡ್‌ಬಸ್ಟರ್ಸ್’ ಪತ್ರಿಕೆಯ ಅಣಕು ಜಾಹೀರಾತುಗಳು, 1997ರ ‘ಡೂನ್ಸ್‌ಬರಿ’ ವ್ಯಂಗ್ಯಚಿತ್ರ ಸರಣಿ ಮಾಡಿದ್ದು ಇದನ್ನೇ. ಮರುವರ್ಷವೇ ನೈಕಿಯ ಮುಖ್ಯಸ್ಥ ಫಿಲ್ ನೈಟ್, ತಮ್ಮ ಸರಕು ಗುಲಾಮಿ ಕೂಲಿ ಮತ್ತು ಬಲವಂತದ ಓವರ್‌ಟೈಮ್‌ಗೆ ಇನ್ನೊಂದು ಹೆಸರಾಗಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಶೂ ಕಾರ್ಖಾನೆಗಳಿಗೆ ಹೊಸದಾಗಿ ಸೇರುವವರ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸಿದರು. 2005ರಲ್ಲಿ ಕಂಪನಿ ತನ್ನ ಪೂರೈಕೆದಾರ ಕಾರ್ಖಾನೆಗಳ ಪಟ್ಟಿಯನ್ನೂ ಪ್ರಕಟಿಸಿತು.

ವಿರೋಧ

ಫಿಲ್ ನೈಟ್ ಅವರನ್ನು ಮಣಿಸಿದ್ದು ಅಣಕ ಎಂಬ ಮಾತನ್ನು ನಾನು ಒಪ್ಪಲಾರೆ. 1992ರಲ್ಲಿ ಜೆಫ್ ಬ್ಯಾಲಿಂಜರ್ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಇಂಡೊನೇಷ್ಯಾದ ಒಬ್ಬ ಕಾರ್ಮಿಕಳ ಸಂಬಳದ ಚೀಟಿಯನ್ನೇ ಮುಂದಿಟ್ಟು ಬರೆದಿದ್ದರು. 1997ರಲ್ಲಿ ನೈಕಿಯೇ ಮಾಡಿಸಿದ್ದ ತಪಾಸಣೆಯ ವರದಿ ಸೋರಿ, ವಿಯೆಟ್ನಾಂ ಕಾರ್ಖಾನೆಯಲ್ಲಿ ವಿಷದ ಆವಿ ಉಸಿರಾಡುತ್ತಿದ್ದವರ ಸ್ಥಿತಿ ಬಯಲಾಗಿತ್ತು. ಅಣಕಿಸಿದವರ ಕೈಗೆ ವಿಷಯ ಕೊಟ್ಟವರು ಇವರು, ಇವರಿಗೆ ಮಾಹಿತಿ ಕೊಟ್ಟವರು ಕೆಲಸ ಕಳೆದುಕೊಳ್ಳುವ ಭಯದಲ್ಲೇ ಬಾಯಿಬಿಟ್ಟ ಕಾರ್ಮಿಕರು.

ಪೆರೆಟ್ಟಿ ಕೇಳಿದ ಆ ಹುಡುಗಿ ಒಂದು ಕಲ್ಪನೆ. ಈ ಉದ್ಯಮದಲ್ಲಿ ದುಡಿಯುವವರಲ್ಲಿ ಬಹುಪಾಲು ವಯಸ್ಕ ಹೆಂಗಸರು. ಅವರು ಕೇಳುವುದು ಕನಿಕರವನ್ನಲ್ಲ. ಕೂಲಿ, ಓಟಿ ಹಣ, ಸಂಘ ಕಟ್ಟುವ ಹಕ್ಕು. ಬಾಂಗ್ಲಾದೇಶದಲ್ಲಿ ಕುಸಿದುಬಿದ್ದ ಗಾರ್ಮೆಂಟ್ಸ್ ಕಟ್ಟಡ ರಾಣಾ ಪ್ಲಾಜಾವನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ 2013ರ ಏಪ್ರಿಲ್ 24ರಂದು ಕೆಲಸಗಾರರನ್ನು ಒಳಗೆ ಕಳಿಸಿದರು. 1,100ಕ್ಕೂ ಹೆಚ್ಚು ಜನ ಸತ್ತರು. ಒಳಗೆ ಹೋಗುವುದಿಲ್ಲ ಎಂದು ಒಟ್ಟಾಗಿ ಹೇಳಲು ಅಲ್ಲೊಂದು ಬಲವಾದ ಸಂಘ ಇರಲಿಲ್ಲ. ಅಷ್ಟು ವರ್ಷಗಳ ಅಣಕು ಪೋಸ್ಟರ್‌ಗಳು ಅಲ್ಲಿನ ಒಂದು ಕಂಬವನ್ನೂ ಗಟ್ಟಿ ಮಾಡಿರಲಿಲ್ಲ. ಮುಂದೆ ಬಾಂಗ್ಲಾದೇಶದ ಕಟ್ಟಡಗಳ ತಪಾಸಣೆ ನಡೆದದ್ದು ಕಂಪನಿಗಳು ಕಾರ್ಮಿಕ ಸಂಘಗಳೊಂದಿಗೆ ಸಹಿ ಹಾಕಿದ, ಕಾನೂನಿನ ಬಲವಿದ್ದ ಒಪ್ಪಂದದಿಂದ.

ನಮ್ಮ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಹಿಂತೆಗೆದುಕೊಂಡಿತು. ಲಾಠಿ ಏಟು ತಿಂದವರು ಅವರೇ, ಗೆದ್ದವರೂ ಅವರೇ.

ಇನ್ನು, ಆಡ್‌ಬಸ್ಟರ್ಸ್ 2004ರಲ್ಲಿ ತನ್ನದೇ ‘ಬ್ಲ್ಯಾಕ್‌ಸ್ಪಾಟ್’ ಶೂ ಮಾರತೊಡಗಿತು. ಸದುದ್ದೇಶವೇ ಇರಬಹುದು, ಆದರೂ ನೋಡುಗ ಮತ್ತೆ ಗ್ರಾಹಕನೇ ಆದ. ಅಣಕ ಮಾಡುವವರು ಮಾಡಲಿ, ನಾನು ತಡೆಯುವುದಿಲ್ಲ. ಆದರೆ ಆ ಪೋಸ್ಟರ್‌ನಲ್ಲಿ ಕಾರ್ಖಾನೆಯ ಹೆಸರು, ಅಲ್ಲಿನ ಕೂಲಿ, ಸಂಘದ ಬೇಡಿಕೆ ಇರಲಿ. ಏನು ಬರೆಯಬೇಕು ಎಂದು ಮೊದಲು ಹೊಲಿಯುವವರನ್ನು ಕೇಳಲಿ.