ಸವಣೂರಿನ ದೊಡ್ಡ ಹುಣಸೆಗಳೂ ಮರ ಸವರುವವರ ಕಸಬೂ

ಸವಣೂರಿನ ಹೆಸರು ಕೇಳಿದೊಡನೆ ಹಲವರಿಗೆ ಅಲ್ಲಿಯ ವೀಳ್ಯದೆಲೆಯು ನೆನಪಿಗೆ ಬರುವದು. ಗಿಡಮರಗಳಲ್ಲಿ ಪ್ರೀತಿಯುಳ್ಳವರಿಗಾದರೋ ದೊಡ್ಡಹುಣಸೆ ಕಲ್ಮಠದ ಮೂರು ಭಾರಿ ಮರಗಳೇ ಮೊದಲು ನೆನಪಾಗುವವು. ಜನರು ಇವನ್ನು ದೊಡ್ಡ ಹುಣಸೆಯೆಂದು ಕರೆದರೂ ಸಾರಿಗೆ ಹಾಕುವ ಹುಣಸೆಗೂ ಇವಕ್ಕೂ ಯಾವ ಬಳಗವೂ ಇಲ್ಲ. ಇವು ಆಫ್ರಿಕಾ ಖಂಡದ ಬಾವೋಬಾಬ್ ಮರಗಳು, ಬೂರುಗದ ದಾಯಾದಿಗಳು. ವಿಜಾಪುರದಲ್ಲಿಯೂ ಗೋಲಕೊಂಡೆಯಲ್ಲಿಯೂ ಇದೇ ಜಾತಿಯ ಹಳೆಯ ಮರಗಳುಂಟು.

೨೦೨೩ನೆಯ ಇಸವಿಯ ಜುಲೈ ತಿಂಗಳ ಮಳೆಯಲ್ಲಿ ಸವಣೂರಿನ ಮೂರು ಮರಗಳಲ್ಲಿ ಒಂದು ಬುಡಸಹಿತ ಉರುಳಿತು. ಟೊಂಗೆಗಳನ್ನು ಇಳಿಸಿ, ಕ್ರೇನುಗಳಿಂದ ಎತ್ತಿ ಅದನ್ನು ಮರಳಿ ನೆಡಲಾಯಿತು. ಬಿದ್ದ ಮರವನ್ನು ಕಟ್ಟಿಗೆಯ ಅಡ್ಡೆಗೆ ಕಳಿಸದೆ ಎತ್ತಿ ನಿಲ್ಲಿಸಿದ ಊರವರ ಅಭಿಮಾನವು ಸ್ತುತ್ಯವಾದದ್ದು. ಆದರೆ ಬಿದ್ದ ಮೇಲೆ ಕ್ರೇನು ತರಿಸುವದಕ್ಕಿಂತ, ಬೀಳುವ ಮುಂಚೆ ಒಬ್ಬ ಬಲ್ಲ ಮನುಷ್ಯನನ್ನು ಕರೆದು ಮರದ ಸುತ್ತ ತಿರುಗಾಡಿಸುವದು ಅಗ್ಗದ ಕೆಲಸವಲ್ಲವೇ? ಆ ಬಲ್ಲ ಮನುಷ್ಯನು ಯಾರು, ಅವನು ಎಲ್ಲಿ ಸಿಗುವನು ಎಂಬುದೇ ಇಲ್ಲಿಯ ಪ್ರಶ್ನೆ.

ಮರ ಹತ್ತಿ ಟೊಂಗೆ ಸವರುವ ಕಸಬುದಾರರು ಇಲ್ಲದ ಊರಿಲ್ಲ. ಅವರು ಪರಸ್ಪರ ಆಡುವ ಚೇಷ್ಟೆಯ ಮಾತುಗಳನ್ನು ಕೇಳಿದರೆ ಅವರ ವಿದ್ಯೆಯ ಆಳವು ಗೊತ್ತಾಗುವದು. ಮೇಲೆ ಹತ್ತಿದ ಹುಡುಗನಿಗೆ ಕೆಳಗಿನ ಹಿರಿಯನು, “ತಮ್ಮಾ, ಕುಂತ ಟೊಂಗಿ ಯಾವದು, ಕೊಯ್ಯೋ ಟೊಂಗಿ ಯಾವದು, ಒಮ್ಮಿ ನೋಡ್ಕೊ, ನಾಳೆ ನಿಮ್ಮವ್ವ ನನ್ನ ಕೇಳ್ತಾಳ” ಎಂದು ಕೂಗುವನು. ಹುಡುಗನೂ ಸುಮ್ಮನಿರನು: “ಕಾಕಾ, ಟೊಂಗಿ ಗಟ್ಟಿ ಐತಿ, ನಿಮ್ಮ ಹಗ್ಗಕ್ಕಽ ನಿಮ್ಮಷ್ಟು ವಯಸ್ಸಾಗೇತಿ!” ನಗೆಯ ಮಾತಾದರೂ ಇದರೊಳಗೆ ಎರಡು ಪಾಠಗಳಿವೆ. ಹಗ್ಗವನ್ನು ಕೊಯ್ಯುವ ಟೊಂಗೆಗೆ ಕಟ್ಟಬಾರದು. ನಾರು ಬಿಚ್ಚಿದ ಹಗ್ಗದ ಮೇಲೆ ಮನುಷ್ಯನ ಭಾರವನ್ನು ಬಿಡಬಾರದು.

ಭಾರವಾದ ಟೊಂಗೆಯನ್ನು ಮೇಲಿನಿಂದಲೇ ಒಂದೇ ಸಲಕ್ಕೆ ಕೊಯ್ದರೆ ಅದು ಮುರಿದು ಬೀಳುವಾಗ ಕಾಂಡದ ತೊಗಟೆಯನ್ನು ಮಾರುದ್ದ ಸೀಳಿಕೊಂಡು ಹೋಗುವದು. ಆದ್ದರಿಂದ ಅನುಭವಸ್ಥರು ಮೂರು ಕೊಯ್ತಗಳನ್ನು ಹಾಕುವರು. ಕಾಂಡದಿಂದ ಒಂದು ಅಡಿ ಆಚೆಗೆ ಟೊಂಗೆಯ ಅಡಿಯಿಂದ ಮೂರನೆಯ ಒಂದು ಪಾಲು ಕೊಯ್ಯುವದು ಮೊದಲನೆಯದು. ಅದಕ್ಕೂ ತುಸು ಆಚೆ ಮೇಲಿನಿಂದ ಕೊಯ್ದು ಟೊಂಗೆಯನ್ನು ಕೆಡಹುವದು ಎರಡನೆಯದು. ಉಳಿದ ಮೋಟನ್ನು ತೆಗೆಯುವ ಮೂರನೆಯ ಕೊಯ್ತದಲ್ಲಿಯೇ ಕೈಯ ಜಾಣತನವಿರುವದು. ಟೊಂಗೆಯು ಕಾಂಡಕ್ಕೆ ಕೂಡುವಲ್ಲಿ ಕೊರಳಿನಂತೆ ಒಂದು ಉಬ್ಬು ಇರುತ್ತದೆ. ಗಾಯವನ್ನು ಮುಚ್ಚುವ ಶಕ್ತಿಯು ಅಲ್ಲಿ ನೆಲೆಸಿದೆ. ಅದನ್ನು ಕಾಂಡಕ್ಕೆ ಸಮನಾಗಿ ಹೆರೆದರೂ ತಪ್ಪು, ಗೇಣುದ್ದ ಮೋಟು ಬಿಟ್ಟರೂ ತಪ್ಪು.

ಕೊಯ್ದ ಗಾಯಕ್ಕೆ ಡಾಂಬರು ಬಳಿಯುವ ಪದ್ಧತಿಯು ಇನ್ನೂ ಹೋಗಿಲ್ಲ. ಅಮೇರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಎಂಬವರು ಅಸಂಖ್ಯ ಮರಗಳನ್ನು ಸೀಳಿ ಪರೀಕ್ಷಿಸಿ, ೧೯೭೦ರ ದಶಕದಲ್ಲಿ ಒಂದು ಮಾತನ್ನು ಸ್ಥಾಪಿಸಿದರು: ಮರವು ಪ್ರಾಣಿಯಂತೆ ಗಾಯವನ್ನು ಮಾಯಿಸಿಕೊಳ್ಳುವದಿಲ್ಲ, ಕೆಟ್ಟ ಭಾಗದ ಸುತ್ತಲೂ ಒಳಗೇ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುವದು. ಡಾಂಬರು ಕೊಳೆಯನ್ನು ತಡೆಯಲಾರದು. ಪೊಟರೆಯನ್ನು ಸ್ವಚ್ಛ ಮಾಡುವೆನೆಂದು ಉಳಿಯಿಂದ ಹೆರೆಯುವವನು ಮರ ಕಟ್ಟಿದ ಗೋಡೆಯನ್ನೇ ಒಡೆಯುವನು. ಸಿಮೆಂಟು ತುಂಬುವದಂತೂ ಗಾಳಿಗೆ ತೂಗುವ ಜೀವದೊಳಗೆ ಬಂಡೆಗಲ್ಲು ಇಟ್ಟಂತೆ.

ಬಾವೋಬಾಬಿನ ವಿಷಯದಲ್ಲಿ ಈ ಎಚ್ಚರವು ಇನ್ನೂ ಹೆಚ್ಚು ಬೇಕು. ಅದರ ಕಟ್ಟಿಗೆಯು ಮೆದು, ನೀರು ಹೀರಿದ ಅರಳೆಯಂಥದು. ಬೃಹತ್ತಾದ ಬಾವೋಬಾಬುಗಳು ಅನೇಕ ಕಾಂಡಗಳು ಬೆಸೆದು ಆದವುಗಳೆಂದೂ, ಕೆಲವುಗಳ ಪೊಟರೆಯು ಕೊಳೆತು ಆದದ್ದಲ್ಲ, ಕಾಂಡಗಳ ನಡುವೆ ಮೊದಲಿನಿಂದಲೂ ಉಳಿದ ತೆರಪೆಂದೂ ರುಮೇನಿಯಾದ ಏಡ್ರಿಯನ್ ಪಾತ್ರುತ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ಅಂಥ ತೆರಪಿನ ಒಳಗೋಡೆಗೂ ತೊಗಟೆ ಇರುವದು. ಅದನ್ನು ರೋಗವೆಂದು ತಿಳಿದು ಚಿಕಿತ್ಸೆಗೆ ತೊಡಗುವವನು ಆರೋಗ್ಯವಂತನಿಗೆ ಶಸ್ತ್ರಕ್ರಿಯೆ ಮಾಡಿದಂತೆ. ಇವರೇ ೨೦೧೮ರಲ್ಲಿ ಪ್ರಕಟಿಸಿದ ವರದಿಯಂತೆ ಆಫ್ರಿಕಾದ ೧೩ ಅತಿ ಹಳೆಯ ಬಾವೋಬಾಬುಗಳಲ್ಲಿ ೯, ಹಿಂದಿನ ಹನ್ನೆರಡು ವರ್ಷಗಳಲ್ಲಿ ಪೂರ್ತಿಯಾಗಿ ಸತ್ತಿದ್ದವು, ಇಲ್ಲವೆ ಅವುಗಳ ಅತ್ಯಂತ ಹಳೆಯ ಕಾಂಡಗಳು ಕುಸಿದಿದ್ದವು. ದೊಡ್ಡ ಮರವು ಚಿರಂಜೀವಿಯೆಂಬ ನಂಬಿಕೆಯನ್ನು ಇನ್ನು ಬಿಡಬೇಕು. ಸವಣೂರಿನ ಮರಗಳಿಗೆ ಎರಡು ಸಾವಿರ ವರ್ಷವೆಂಬ ಮಾತು ಜನರಲ್ಲಿದೆ; ಗೋಲಕೊಂಡೆಯ ದೈತ್ಯಮರವು ಇಂಗಾಲದ ಪರೀಕ್ಷೆಯಲ್ಲಿ ಸುಮಾರು ೪೭೫ ವರ್ಷದ್ದೆಂದು ತಿಳಿದುಬಂದಿತು. ವಯಸ್ಸು ಎಷ್ಟಾದರಾಗಲಿ, ಆರೈಕೆಗೆ ಅದು ಅಡ್ಡಿಯಲ್ಲ.

ಮರಳಿ ನೆಟ್ಟ ಮರವು ಚಿಗುರಿತೆಂದು ಹಿಗ್ಗುವ ಮೊದಲು ಒಂದು ಮಾತು. ಈ ಜಾತಿಯು ಕಾಂಡದಲ್ಲಿ ಕೂಡಿಟ್ಟ ನೀರಿನ ಬಲದಿಂದಲೇ, ಮಳೆಗೆ ಮುಂಚೆ ಎಲೆ ಬಿಡಬಲ್ಲದು. ಚಿಗುರು ಬೇರಿಗೆ ಸಾಕ್ಷಿಯಲ್ಲ. ಹಲವು ಮಳೆಗಾಲಗಳವರೆಗೆ ಮರದ ವಾಲಿಕೆಯನ್ನೂ ಬುಡದ ಮಣ್ಣಿನ ಬಿರುಕನ್ನೂ ಅಳೆದು ಬರೆದಿಡುತ್ತಿರಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಎರೆಮಣ್ಣಾದರೆ ಬಸಿಗಾಲುವೆ ಅವಶ್ಯ. ಬೇರುಗಳು ಆಳಕ್ಕಿಂತ ಅಗಲಕ್ಕೆ ಹರಡುವವಾದ್ದರಿಂದ ಹಳೆಯ ಮರಗಳ ಸುತ್ತ ಭಕ್ತಿಯಿಂದ ಕಟ್ಟೆ ಕಟ್ಟಿ, ಕಲ್ಲು ಹಾಸಿ, ಮೋಟಾರು ಗಾಡಿ ನಿಲ್ಲಿಸುವದು ಅವುಗಳ ಉಸಿರು ಕಟ್ಟಿಸಿದಂತೆಯೇ ಸರಿ.

ಇಷ್ಟನ್ನು ತಿಳಿದು ಮಾಡುವವರು ಬೇಕಾದರೆ ಕೂಲಿಯ ಕ್ರಮವು ಬದಲಾಗಬೇಕು. ಹಳ್ಳಿಗಳಲ್ಲಿ ಟೊಂಗೆ ಸವರಿದವನಿಗೆ ಎಷ್ಟೋ ಸಲ ಹಣವನ್ನು ಕೊಡುವದಿಲ್ಲ; ಕಡಿದ ಕಟ್ಟಿಗೆಯೇ ಅವನ ಕೂಲಿ. ಹೀಗಾದಾಗ ಅವನ ಕೊಡಲಿಯು ಒಣಟೊಂಗೆಯಲ್ಲಿ ನಿಲ್ಲುವದುಂಟೇ? ಹಸಿರು ಟೊಂಗೆಗೂ ಏರುವದು. ದೋಷವು ಅವನದಲ್ಲ, ಒಪ್ಪಂದದ್ದು. ದಿನದ ಲೆಕ್ಕದಲ್ಲಿ ರೊಕ್ಕ ಕೊಟ್ಟು ಕಟ್ಟಿಗೆಯನ್ನು ಒಡೆಯನೇ ಇಟ್ಟುಕೊಂಡರೆ ಅದೇ ಕೈಯು ಮರವನ್ನು ಉಳಿಸುವದು. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯು ಶಿಕ್ಷಣವನ್ನೂ ವಿಮೆಯನ್ನೂ ಏರ್ಪಡಿಸಿದೆ. ಮಾವು, ಹುಣಸೆ, ಆಲಗಳ ಮೇಲೆ ಹತ್ತುವವರ ಎಲುಬುಗಳೇನು ಕಬ್ಬಿಣದವೇ? ಅವರಿಗೂ ಅಂಥ ಏರ್ಪಾಡು ಆಗತಕ್ಕದ್ದು. ಸೊಂಟದ ಪಟ್ಟಿ, ತಲೆಯ ಟೊಪ್ಪಿಗೆ, ಎರಡನೆಯ ಹಗ್ಗ ಇವಿಷ್ಟರ ಬೆಲೆಯು ಒಂದು ದಿನದ ಆಸ್ಪತ್ರೆಯ ಖರ್ಚಿಗಿಂತ ಹೆಚ್ಚಾಗಲಾರದು.

ಮಾಘ ಫಾಲ್ಗುಣಗಳಲ್ಲಿ ದೊಡ್ಡ ಹುಣಸೆಯು ಎಲೆಯುದುರಿ ಬತ್ತಲೆ ನಿಲ್ಲುವದು. ಒಣಟೊಂಗೆ, ಸೀಳು, ಕವಲಿನ ಬಿರುಕು ಎಲ್ಲವೂ ಆಗ ನೆಲದಿಂದಲೇ ಕಣ್ಣಿಗೆ ಬೀಳುವವು. ಕರೆಯುವದಾದರೆ ಕಸಬುದಾರನನ್ನು ಆ ತಿಂಗಳುಗಳಲ್ಲಿಯೇ ಕರೆಯಬೇಕು. ಮತ್ತು ಅವನು ಮೊದಲನೆಯ ದಿನ ಕೊಡಲಿಯನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು.