‘ಅನ್‌ಫಿಟ್’ ಅನ್ನುವುದಕ್ಕೆ ಕನ್ನಡದಲ್ಲಿ ಏನಂತೀರಿ?

ಕೆಲವು ತಿಂಗಳ ಹಿಂದೆ ಒಂದು ಕಂಪನಿಯ ವೈದ್ಯಕೀಯ ತಪಾಸಣೆಯ ಫಾರ್ಮು ಅನುವಾದಕ್ಕೆ ಬಂತು. ಕರ್ನಾಟಕದಲ್ಲಿ ಹೊಸ ಘಟಕ ತೆರೆಯುತ್ತಿದ್ದರು. ಕೆಲಸಕ್ಕೆ ಸೇರುವವರನ್ನು ಡಾಕ್ಟರು ಪರೀಕ್ಷೆ ಮಾಡಿ, ಕೊನೆಯಲ್ಲಿ ಎರಡು ಚೌಕಗಳಲ್ಲಿ ಒಂದಕ್ಕೆ ಟಿಕ್ ಹಾಕಬೇಕು: ಫಿಟ್, ಅನ್‌ಫಿಟ್. ನನಗಿಂತ ಮೊದಲು ಯಾರೋ ಮಾಡಿಕೊಟ್ಟಿದ್ದ ಕರಡಿನಲ್ಲಿ ‘ಯೋಗ್ಯ’, ‘ಅಯೋಗ್ಯ’ ಎಂದಿತ್ತು. ನಿಘಂಟಿನ ಪ್ರಕಾರ ತಪ್ಪೇನಿಲ್ಲ. ಆದರೆ ಬಿಪಿ ಸ್ವಲ್ಪ ಜಾಸ್ತಿ ಇದೆ ಅಂತ ಒಬ್ಬನ ಕೈಗೆ ‘ಅಯೋಗ್ಯ’ ಎಂದು ಬರೆದು ಕೊಟ್ಟರೆ ಅವನು ಜಗಳಕ್ಕೆ ಬರದೆ ಇರುತ್ತಾನೆಯೇ?

ನಾನು ‘ಈ ಕೆಲಸಕ್ಕೆ ದೈಹಿಕವಾಗಿ ಸಮರ್ಥರು’, ‘ಈ ಕೆಲಸಕ್ಕೆ ಸದ್ಯ ಸಮರ್ಥರಲ್ಲ’ ಎಂದು ಬದಲಿಸಿ ಕಳಿಸಿದೆ. ಉದ್ದವಾಯಿತು, ಚೌಕದ ಪಕ್ಕ ಹಿಡಿಸುವುದಿಲ್ಲ, ಕತ್ತರಿಸಿ ಕೊಡಿ ಎಂದು ವಾಪಸು ಬಂತು. ‘ಈ ಕೆಲಸಕ್ಕೆ’, ‘ಸದ್ಯ’, ಇವೆರಡನ್ನು ಮಾತ್ರ ಕತ್ತರಿಸಲಾರೆ ಎಂದೆ. ಆ ವಾದ ಮಾಡುವಾಗ ನನ್ನ ತಲೆಯಲ್ಲಿದ್ದವನು ಕಾರ್ಖಾನೆಯ ಕೆಲಸಗಾರನಲ್ಲ, ಸರ್ಫರಾಜ್ ಖಾನ್.

ಮುಂಬಯಿಯಲ್ಲಿ ಇರುವವರಿಗೆ ಸರ್ಫರಾಜ್ ಹೊಸಬನಲ್ಲ. 2009ರಲ್ಲಿ, ಇನ್ನೂ ಹನ್ನೆರಡರ ಹುಡುಗ, ಹ್ಯಾರಿಸ್ ಶೀಲ್ಡ್ ಶಾಲಾ ಪಂದ್ಯದಲ್ಲಿ 439 ರನ್ ಹೊಡೆದಿದ್ದ. ಡೊಂಬಿವಲಿಯಿಂದ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದು ಆಜಾದ್ ಮೈದಾನದ ಪಕ್ಕ ಹಾದುಹೋಗುವಾಗ ನೋಡುತ್ತೀರಲ್ಲ, ಒಂದೇ ನೆಲದ ಮೇಲೆ ಹತ್ತಾರು ಪಂದ್ಯ, ಒಬ್ಬರ ಕವರ್ ಇನ್ನೊಬ್ಬರ ಲಾಂಗ್ ಆನ್. ಅಪ್ಪ ನೌಶಾದ್ ಖಾನ್ ಮಕ್ಕಳನ್ನು ತಯಾರು ಮಾಡಿದ್ದು ಅಂಥ ಮೈದಾನಗಳಲ್ಲಿ. 2015ರಲ್ಲಿ ಹದಿನೇಳರ ಸರ್ಫರಾಜ್ ಆರ್‌ಸಿಬಿ ಪರವಾಗಿ ಚಿನ್ನಸ್ವಾಮಿಯಲ್ಲಿ 21 ಎಸೆತಕ್ಕೆ 45 ಹೊಡೆದು ಹೊರಬಂದಾಗ ಕೊಹ್ಲಿ ಕೈಮುಗಿದು ಬಗ್ಗಿದ್ದು ಹಲವರಿಗೆ ನೆನಪಿರಬಹುದು. ಮರುವರ್ಷದ ಋತು ಮುಗಿಯುವಷ್ಟರಲ್ಲಿ ಅವನು ಹನ್ನೊಂದರೊಳಗೆ ಇರಲಿಲ್ಲ. ಫಿಟ್‌ನೆಸ್ ಎಂದರು. ಅಲ್ಲಿಂದ ಆ ಮಾತು ಅವನ ಹೆಸರಿಗೆ ಇನಿಶಿಯಲ್‌ನಂತೆ ಅಂಟಿಕೊಂಡಿತು.

ಭಾಷಾಶಾಸ್ತ್ರ ಓದಿದ ಚಾಳಿ, ಕ್ಷಮಿಸಿ: ಇಂಗ್ಲಿಷಿನ ‘ಫಿಟ್‌ನೆಸ್’ ಒಳಗೆ ಕನ್ನಡದ ಕನಿಷ್ಠ ಮೂರು ಮಾತುಗಳು ಸೇರಿಕೊಂಡಿವೆ. ಒಂದು ಮೈಕಟ್ಟು, ಅದು ಕಣ್ಣಿಗೆ ಕಾಣುವುದು. ಇನ್ನೊಂದು ತ್ರಾಣ, ನಮ್ಮ ಮನೆಗಳಲ್ಲಿ ದಮ್ಮು ಅನ್ನುವುದು. ಸಂಜೆಯ ಹೊತ್ತಿಗೂ ಬೆಳಗಿನ ಹಾಗೆ ಓಡಬಲ್ಲನೇ ಎನ್ನುವುದು. ಮೂರನೆಯದು ಚುರುಕು. ಮೈಕಟ್ಟು ನೋಡಿ ತ್ರಾಣ ಅಳೆಯಲಾಗದು ಎಂದು ಅಕ್ಕಿ ಮೂಟೆ ಹೊರುವ ಹಮಾಲರನ್ನು ನೋಡಿದ ಯಾರಿಗಾದರೂ ಗೊತ್ತು. ಕ್ರಿಕೆಟ್ಟಿನಲ್ಲಿ ಮಾತ್ರ ನಾವು ಮೂರನ್ನೂ ಒಂದೇ ಇಂಗ್ಲಿಷ್ ಪದದ ಕೆಳಗೆ ಇಟ್ಟು, ‘ದಪ್ಪ ಇದ್ದಾನೆ’ ಅನ್ನಬೇಕಾದ ಕಡೆ ‘ಫಿಟ್ ಇಲ್ಲ’ ಅನ್ನುತ್ತೇವೆ. ದಪ್ಪ ಎಂದರೆ ಒರಟಾಗುತ್ತದೆ, ಫಿಟ್ ಇಲ್ಲ ಎಂದರೆ ವೈಜ್ಞಾನಿಕವಾಗುತ್ತದೆ.

ಹಾಗಾದರೆ ಟೆಸ್ಟ್ ತಂಡದ ಐದನೇ ಕ್ರಮಾಂಕದ ಬ್ಯಾಟರ್‌ನ ‘ಈ ಕೆಲಸ’ ಏನು? 2020ರ ಜನವರಿಯಲ್ಲಿ ವಾಂಖೆಡೆಯಲ್ಲಿ ಉತ್ತರ ಪ್ರದೇಶದ ಮೇಲೆ ನಡೆದ ರಣಜಿ ಪಂದ್ಯ ತೆಗೆದುಕೊಳ್ಳಿ. ಎದುರಾಳಿ 8 ವಿಕೆಟ್‌ಗೆ 625 ಹೊಡೆದು ಡಿಕ್ಲೇರ್ ಮಾಡಿತು. ಅಷ್ಟು ಹೊತ್ತು ಬಿಸಿಲಲ್ಲಿ ಫೀಲ್ಡಿಂಗ್ ಮಾಡಿದ ಮೇಲೆ ಮುಂಬಯಿ 688 ಹೊಡೆಯಿತು, ಅದರಲ್ಲಿ ಸರ್ಫರಾಜ್ ಔಟಾಗದೆ 301. ಮುಂದಿನ ಪಂದ್ಯ ಧರ್ಮಶಾಲಾದಲ್ಲಿ, ಅಲ್ಲಿ ಔಟಾಗದೆ 226. ಆ ಋತುವಿನಲ್ಲಿ 6 ಪಂದ್ಯಕ್ಕೆ 928 ರನ್. ಅದರ ಮುಂದಿನ ರಣಜಿಯಲ್ಲಿ, 2021–22ರಲ್ಲಿ, ಮತ್ತೆ 6 ಪಂದ್ಯಕ್ಕೆ 982. ಬೆಂಗಳೂರಿನ ಫೈನಲ್‌ನಲ್ಲಿ ಮುಂಬಯಿ ಸೋತರೂ ಅವನದು 134. ತ್ರಾಣ ಇಲ್ಲದವನು ದಿನಗಟ್ಟಲೆ ಫೀಲ್ಡಿಂಗ್ ಮಾಡಿ ತ್ರಿಶತಕ ಹೊಡೆಯಲಾರ. ಇದನ್ನು ಒಪ್ಪಲು ಓಟದ ಪರೀಕ್ಷೆಯೇ ಬೇಕೆನ್ನುವವರ ಮನಸ್ಸಿನಲ್ಲಿ ಇರುವುದು ಬೇರೇನೋ ಅನುಮಾನ.

2023ರ ಜೂನ್‌ನಲ್ಲಿ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ತಂಡ ಆರಿಸಿದಾಗ ಅವನ ಹೆಸರಿರಲಿಲ್ಲ. ಆಮೇಲೆ ಮಂಡಳಿಯ ಹೆಸರು ಹೇಳದ ಅಧಿಕಾರಿಯೊಬ್ಬರು ಸುದ್ದಿಸಂಸ್ಥೆಯ ಮುಂದೆ ಫಿಟ್‌ನೆಸ್ ಸಾಲದು, ನಡವಳಿಕೆಯೂ ಸರಿಯಿಲ್ಲ, ತೂಕ ಇಳಿಸಿ ತೆಳ್ಳಗಾಗಿ ಬರಲಿ ಎಂಬ ಅರ್ಥದ ಮಾತಾಡಿದರು. ಗಮನಿಸಿ, ‘ಇಷ್ಟು ಸೆಕೆಂಡು ಕಡಿಮೆ ಬಿತ್ತು’ ಎಂದಲ್ಲ, ‘ತೆಳ್ಳಗಾಗಲಿ’. ಅದೇ ವರ್ಷದ ಆರಂಭದಲ್ಲಿ ಸುನಿಲ್ ಗಾವಸ್ಕರ್ ಸಿಟ್ಟಾಗಿ, ಬರೀ ತೆಳ್ಳಗಿನ ಹುಡುಗರೇ ಬೇಕಿದ್ದರೆ ಫ್ಯಾಶನ್ ಶೋಗೆ ಹೋಗಿ ಆರಿಸಿಕೊಂಡು ಬನ್ನಿ ಎಂದಿದ್ದರು. ಗಾವಸ್ಕರ್ ಮಾತಿಗೆ ನಾನು ಆಗ ಚಪ್ಪಾಳೆ ತಟ್ಟಿದ್ದೆ. ಈಗ ಪೂರ್ತಿ ಒಪ್ಪುವುದಿಲ್ಲ.

ಏಕೆಂದರೆ ಆ ಮಾತು ಹಿಡಿದು ಹೊರಟರೆ ಬೇಗ ಇಂಜಮಾಮ್, ರಣತುಂಗ ಅಂತ ಪಟ್ಟಿ ಶುರುವಾಗುತ್ತದೆ. 2007ರ ವಿಶ್ವಕಪ್‌ನಲ್ಲಿ ಬರ್ಮುಡಾದ ಆ ಭಾರಿ ಮೈಯ ಡ್ವೇನ್ ಲೆವೆರಾಕ್ ಸ್ಲಿಪ್‌ನಲ್ಲಿ ಹಾರಿ ನಮ್ಮ ರಾಬಿನ್ ಉತ್ತಪ್ಪನನ್ನು ಹಿಡಿದ ಕ್ಯಾಚ್ ಇನ್ನೂ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಚೆನ್ನಾಗಿದೆ, ಆದರೆ ಅದು ಒಂದು ಕ್ಯಾಚ್. ಇಂಜಮಾಮ್ ಎಷ್ಟು ಸಲ ರನೌಟ್ ಆದ, ಜೊತೆಗಾರರನ್ನು ಎಷ್ಟು ಸಲ ಮಾಡಿಸಿದ ಎಂಬ ಜೋಕುಗಳೂ ಅದೇ ವಾಟ್ಸಾಪ್‌ನಲ್ಲಿವೆ. ಆಟ ಬದಲಾಗಿದೆ. ಬೌಂಡರಿಯಲ್ಲಿ ಉಳಿಸುವ ರನ್ನೂ ಲೆಕ್ಕಕ್ಕೆ ಬರುತ್ತದೆ, ಪಂದ್ಯಗಳ ನಡುವಿನ ದಿನಗಳು ಕಡಿಮೆಯಾಗಿವೆ.

ಯೊ-ಯೊ ಪರೀಕ್ಷೆಯನ್ನು ಬೈಯುವುದು ಸುಲಭ. ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೋ ಎಂಬ ಶರೀರಶಾಸ್ತ್ರಜ್ಞ ರೂಪಿಸಿದ್ದು, ಬೆಳೆದದ್ದು ಫುಟ್‌ಬಾಲ್ ಜಗತ್ತಿನಲ್ಲಿ. 20 ಮೀಟರ್ ದೂರದ ಎರಡು ಗೆರೆಗಳ ನಡುವೆ ಓಡಿ ತಿರುಗಿ ಬರಬೇಕು, 10 ಸೆಕೆಂಡು ಉಸಿರು ತೆಗೆದುಕೊಳ್ಳಬೇಕು, ಮತ್ತೆ ಓಡಬೇಕು, ಬೀಪ್ ಸದ್ದಿನ ವೇಗ ಏರುತ್ತಲೇ ಇರುತ್ತದೆ. ಫುಟ್‌ಬಾಲಿನದು ಕ್ರಿಕೆಟ್ಟಿಗೇಕೆ ಎನ್ನಬಹುದು. ಆದರೆ ಕ್ರಿಕೆಟ್ ಪಿಚ್ಚಿನ 22 ಗಜ ಎಂದರೂ ಹೆಚ್ಚುಕಡಿಮೆ 20 ಮೀಟರೇ! ಎರಡು ರನ್ ಓಡಿ, ಉಸಿರು ಬಿಟ್ಟು, ಮತ್ತೆ ಎರಡು ಓಡುವವನಿಗೆ ಇದು ತೀರಾ ಸಂಬಂಧವಿಲ್ಲದ ಪರೀಕ್ಷೆಯಲ್ಲ. ಎಲ್ಲಕ್ಕಿಂತ ಮುಖ್ಯ, ಯೊ-ಯೊ ಯಂತ್ರಕ್ಕೆ ಕಣ್ಣಿಲ್ಲ. ಹೊಟ್ಟೆ ಮುಂದಿದೆಯೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. 2017ರ ಸುಮಾರಿಗೆ ಭಾರತ ತಂಡಕ್ಕೆ ಅದು ಬಂದಾಗ ಪಾಸಾಗಲು 16.1 ಬೇಕಿತ್ತು. 2018ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಅಫ್ಘಾನಿಸ್ತಾನ ತನ್ನ ಮೊದಲ ಟೆಸ್ಟ್ ಆಡಿದಾಗ ಮೊಹಮ್ಮದ್ ಶಮಿ ಅದರಲ್ಲಿ ಫೇಲಾಗಿ ಹೊರಗುಳಿದ. ಕೆಲವೇ ವಾರಗಳಲ್ಲಿ ಪಾಸಾಗಿ ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದ. ಯಾರೂ ಅವನನ್ನು ಆರು ವರ್ಷ ‘ಅನ್‌ಫಿಟ್’ ಎಂದು ಕರೆಯುತ್ತ ಕೂರಲಿಲ್ಲ. ನನ್ನ ಫಾರ್ಮಿನ ‘ಸದ್ಯ’ ಅಂದರೆ ಇದೇ.

ಅಂಕಿಯೂ ಕ್ರೂರವಾಗಬಲ್ಲದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಡೇನ್ ವಾನ್ ನೀಕರ್ಕ್ ಇದ್ದಾರೆ. 2023ರ ಆರಂಭದಲ್ಲಿ, ತಮ್ಮದೇ ನೆಲದಲ್ಲಿ ನಡೆಯಲಿದ್ದ ಮಹಿಳಾ ಟಿ20 ವಿಶ್ವಕಪ್‌ಗೆ ಮುಂಚೆ, 2 ಕಿಲೋಮೀಟರ್ ಓಟ 9 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕಿತ್ತು. ಆಕೆಗೆ 18 ಸೆಕೆಂಡು ಹೆಚ್ಚಾಯಿತು. ನಾಯಕಿಯನ್ನೇ ತಂಡದಿಂದ ಬಿಟ್ಟರು. ಲೆಗ್ ಸ್ಪಿನ್ ಹಾಕುವವರಿಗೆ ಎರಡು ಕಿಲೋಮೀಟರ್ ಓಟದ 18 ಸೆಕೆಂಡು ಏನು ಹೇಳುತ್ತದೆ? ಹೆಚ್ಚೇನೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಆಕೆ ಇಲ್ಲದೆಯೂ ಆ ತಂಡ ಫೈನಲ್ ತಲುಪಿತು. ನನ್ನ ವಾದಕ್ಕೆ ಅನುಕೂಲವಿಲ್ಲ ಅಂತ ಅದನ್ನು ಮುಚ್ಚಿಡಲಾರೆ. ನಿಯಮ ಸರಿಯಿಲ್ಲ ಎಂದು ಆಕೆ ಜಗಳವಾಡಬಹುದಿತ್ತು, ನಾವೂ ಆಡಬಹುದು, ಯಾಕೆಂದರೆ ನಿಯಮ ಏನು ಎಂಬುದು ಎಲ್ಲರಿಗೂ ಗೊತ್ತಿತ್ತು. ಸರ್ಫರಾಜ್ ಯಾವುದರ ಜೊತೆ ಜಗಳವಾಡಬೇಕಿತ್ತು, ಕನ್ನಡಿಯ ಜೊತೆಯೇ?

ಪೃಥ್ವಿ ಶಾ ವಿಷಯದಲ್ಲಿ ನನ್ನ ನಿಲುವು ಬೇರೆ. ಹದಿನೆಂಟಕ್ಕೆ ರಾಜಕೋಟ್‌ನಲ್ಲಿ ಚೊಚ್ಚಲ ಟೆಸ್ಟಿನಲ್ಲೇ 134 ಹೊಡೆದ ಹುಡುಗ. ಪ್ರತಿಭೆಯಲ್ಲಿ ಸರ್ಫರಾಜ್‌ಗಿಂತ ಒಂದು ಕೈ ಮೇಲೇ ಎನ್ನಿ. 2024ರ ಅಕ್ಟೋಬರ್‌ನಲ್ಲಿ ಮುಂಬಯಿಯವರೇ ರಣಜಿ ತಂಡದಿಂದ ಕೈಬಿಟ್ಟರು, ಫಿಟ್‌ನೆಸ್ ಮತ್ತು ಶಿಸ್ತು ಎಂದು ಪತ್ರಿಕೆಗಳು ಬರೆದವು. ಅಲ್ಲಿ ರನ್ನೂ ಬತ್ತಿತ್ತು. ದೇಹದ ಸ್ಥಿತಿ ಆಟದಲ್ಲೇ ಕಾಣತೊಡಗಿದ ಮೇಲೆ, ಪ್ರತಿಭೆ ಇದೆ ಪಾಪ ಎಂದು ದೇಶದ ತಂಡಕ್ಕೆ ಹಾಕಿದರೆ ಬೆಳಿಗ್ಗೆ ಐದಕ್ಕೆ ಎದ್ದು ಓಡಿದ ಇನ್ನೊಬ್ಬ ಹುಡುಗನಿಗೆ ಮೋಸ.

ಸರ್ಫರಾಜ್‌ಗೆ ಕೊನೆಗೆ ಅವಕಾಶ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ, 26ನೇ ವಯಸ್ಸಿನಲ್ಲಿ. ರಾಜಕೋಟ್‌ನಲ್ಲಿ ಇಂಗ್ಲೆಂಡ್ ಮೇಲೆ 62, ಔಟಾಗದೆ 68. ಆ ಸರಣಿಯಲ್ಲಿ ಅವನನ್ನು ನಿಲ್ಲಿಸಿದ್ದು ಬ್ಯಾಟಿನ ಮೂತಿಗೇ, ಶಾರ್ಟ್ ಲೆಗ್, ಸಿಲ್ಲಿ ಪಾಯಿಂಟ್‌ನಲ್ಲಿ. ತಂಡದ ಚುರುಕಾದ ಮೊಣಕಾಲುಗಳು ಬೇಕಾಗುವ ಜಾಗ ಅದು. (ರಾಂಚಿಯಲ್ಲಿ ಹೆಲ್ಮೆಟ್ ಇಲ್ಲದೆ ನಿಂತವನನ್ನು ರೋಹಿತ್ ಗದರಿದ್ದು ನೆನಪಿದೆಯಲ್ಲ.) ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ. ಭಾರತ ನ್ಯೂಜಿಲೆಂಡ್ ಎದುರು 46ಕ್ಕೆ ಆಲೌಟ್, ಅದರಲ್ಲಿ ಅವನದೂ ಸೊನ್ನೆ. ಎರಡನೇ ಇನಿಂಗ್ಸ್‌ನಲ್ಲಿ 195 ಎಸೆತಕ್ಕೆ 150. ಪಂದ್ಯ ಸೋತೆವು. ಆಮೇಲಿನ ನಾಲ್ಕು ಇನಿಂಗ್ಸ್ 11, 9, 0, 1. ಒಟ್ಟು 6 ಟೆಸ್ಟ್, 371 ರನ್, ಸರಾಸರಿ 37.10.

2025ರ ಇಂಗ್ಲೆಂಡ್ ಪ್ರವಾಸಕ್ಕೆ ಅವನನ್ನು ಬಿಟ್ಟು ಕರುಣ್ ನಾಯರ್‌ನನ್ನು ಕರೆದರು. ಒಪ್ಪಿಕೊಳ್ಳುತ್ತೇನೆ, ಎಂಟು ವರ್ಷದ ಮೇಲೆ ಕರುಣ್ ಮರಳಿದ ಎಂದು ಆ ದಿನ ನಮ್ಮ ಮನೆಯಲ್ಲಿ ಖುಷಿಯೇ ಆಯಿತು. ಶತಕದ ನಂತರ ಸರ್ಫರಾಜ್ ರನ್ ಗಳಿಸಲಿಲ್ಲ, ಕರುಣ್ ದೇಶೀಯ ಕ್ರಿಕೆಟ್ಟಿನಲ್ಲಿ ರಾಶಿ ಗಳಿಸಿದ್ದಾನೆ ಎಂದು ಆಯ್ಕೆ ಸಮಿತಿಯ ಅಧ್ಯಕ್ಷ ಅಜಿತ್ ಅಗರ್ಕರ್ ಬಹಿರಂಗವಾಗಿ ಹೇಳಿದರು. ಅದು ಕಾರಣ. ಒಪ್ಪದಿದ್ದರೂ ಎದುರು ವಾದ ಮಾಡಬಹುದಾದ ಕಾರಣ. ಆ ತಿಂಗಳೇ ಕ್ಯಾಂಟರ್‌ಬರಿಯಲ್ಲಿ ಭಾರತ ‘ಎ’ ಪರ ಕರುಣ್ 204 ಹೊಡೆದಾಗ ಅದೇ ಇನಿಂಗ್ಸ್‌ನಲ್ಲಿ ಸರ್ಫರಾಜ್ 92 ಹೊಡೆದ ಎಂದು ನಾನು ವಾದಿಸಬಲ್ಲೆ, ಹಾಗೆಂದರೆ ನೀವು ಇಲ್ಲ, 204 ದೊಡ್ಡದು ಎನ್ನಬಲ್ಲಿರಿ. ‘ತೆಳ್ಳಗಾಗಲಿ’ ಎಂಬ ಮಾತಿನ ಜೊತೆ ಇಷ್ಟೂ ಮಾತುಕತೆ ಸಾಧ್ಯವಿರಲಿಲ್ಲ. 22ರಿಂದ 26ರ ವಯಸ್ಸು ಬ್ಯಾಟರ್‌ನ ಕೈ, ಕಣ್ಣು ಎರಡೂ ಚೆನ್ನಾಗಿರುವ ಕಾಲ. ಅವನದು ಆ ಮಾತಿನಡಿಯಲ್ಲೇ ಕಳೆಯಿತು. 928 ರನ್ನಿನ ಋತು ಮುಗಿದ ಕೂಡಲೇ ಅವನನ್ನು ತಂಡಕ್ಕೆ ಸೇರಿಸಿ, ಬೇಕಾದರೆ ಎನ್‌ಸಿಎಯಲ್ಲಿ ಆರು ತಿಂಗಳು ಓಡಿಸಬೇಕಿತ್ತು ಎಂದೇ ನಾನು ಈಗಲೂ ಹೇಳುವುದು.

2025ರ ಜುಲೈನಲ್ಲಿ ಸರ್ಫರಾಜ್‌ನ ಒಂದು ಫೋಟೋ ಬಂತು. ಸುಮಾರು 17 ಕಿಲೋ ಇಳಿಸಿದ್ದಾನೆ ಎಂದು ಸುದ್ದಿ. ಕೆನ್ನೆ ಒಳಗೆ ಹೋಗಿ, ದವಡೆ ಮೂಳೆ ಕಾಣಿಸಿ, ಮೊದಲ ಸಲ ನೋಡಿದಾಗ ಅವನ ತಮ್ಮ ಮುಶೀರ್ ಇರಬೇಕು ಅಂದುಕೊಂಡೆ. ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾ ‘ಎ’ ವಿರುದ್ಧ ಬೆಂಗಳೂರಿನಲ್ಲಿ ಆಡಲು ಭಾರತ ‘ಎ’ ತಂಡ ಪ್ರಕಟವಾಯಿತು. ಅದರಲ್ಲೂ ಅವನ ಹೆಸರಿರಲಿಲ್ಲ. ಅದೇ ತಿಂಗಳು ಅವನಿಗೆ 28 ತುಂಬಿತು.

ನನ್ನ ಫಾರ್ಮು ಅಚ್ಚಾಗಿ ಬಂದಿದೆ. ಚೌಕದ ಪಕ್ಕ ಕನ್ನಡ ಲಿಪಿಯಲ್ಲಿ ‘ಫಿಟ್’, ‘ಅನ್‌ಫಿಟ್’ ಎಂದಿದೆ.